ಹಸಿರು ಚುಕ್ಕೆ

"ಪರೀಕ್ಷೆ ನಿಮಗಲ್ಲ ಮೇಡಂ, ನಮ್ಮ ಹೊಸ ಆ್ಯಪ್‌ಗೆ. ನೀವೆಲ್ಲಿದ್ದೀರಿ ಅನ್ನೋದು ಮನೆಯವರಿಗೆ ಕಾಣದ ಹಾಗೆ ಆಫ್ ಮಾಡಿ, ನೋಡೋಣ," ಎಂದ ಆ್ಯಪ್ ತಯಾರಿಸಿದಾತ, ಅದನ್ನು ಬಳಸಿ ನೋಡಲು ಬಂದಿದ್ದ ಹೆಂಗಸಿಗೆ.

ಅವನು ಕೊಟ್ಟ ಫೋನಿನಲ್ಲಿ ಆಕೆ ಹತ್ತು ನಿಮಿಷ ತಡಕಾಡಿದಳು. ಅಷ್ಟರಲ್ಲಿ ಅವಳ ಸ್ವಂತ ಫೋನು ಮೂರು ಸಲ ರಿಂಗಾಯಿತು.

"ಇಲ್ಲೇ ಇದೀನ್ರೀ. ನಿಮ್ಮ ಫೋನಲ್ಲಿ ಕಾಣ್ತಿದೀನಲ್ಲ!" ಎಂದಳು ಗಂಡನಿಗೆ, ಮೂರು ಸಲವೂ.

ಬಟನ್ ಸಿಗಲೇ ಇಲ್ಲ. ಆತ ಅದನ್ನು ಬರೆದುಕೊಂಡ.

"ಸರ್, ಮ್ಯಾಪ್‌ನಲ್ಲಿರೋ ಈ ಹಸಿರು ಚುಕ್ಕೆ ತೋರಿಸೋದು ನನ್ನನ್ನೋ, ಫೋನನ್ನೋ?"

"ಫೋನನ್ನ, ಮೇಡಂ."

ಆಕೆ ಬ್ಯಾಗು ಹೆಗಲಿಗೇರಿಸಿ, ಬಾತ್‌ರೂಮ್ ಎಲ್ಲಿದೆಯೆಂದು ಕೇಳಿ ಹೊರಗೆ ಹೋದಳು.

ಅರ್ಧ ಗಂಟೆ ಕಾದು ಆತ ಕೆಳಗಿಳಿದ. "ಆಗಲೇ ಆಟೋ ಹತ್ತಿ ಹೋದ್ರಲ್ಲ ಸಾರ್," ಎಂದ ವಾಚ್‌ಮನ್.

ಮೇಲೆ ಬಂದಾಗ, ಮೇಜಿನ ಮೇಲೆ ಉಳಿದಿದ್ದ ಅವಳ ಫೋನಿನಲ್ಲಿ ಗಂಡನ ಮೆಸೇಜಿತ್ತು: "ಫೋನ್ ಎತ್ತದಿದ್ರೂ ಪರವಾಗಿಲ್ಲ. ಅಲ್ಲೇ ಇರೋದು ಕಾಣ್ತಿದೆ."