ಒಡೆಯದ ಉಂಡೆ

"ಮಣ್ಣು ಇನ್ನೂ ಹಸಿ ಇದೆ, ಇವತ್ತು ಹರಡೋ ಹಾಗಿಲ್ಲ," ಎಂದು ತಪಾಸಣೆಗೆ ಬಂದ ಹುಡುಗಿ ಅಂಗೈಯಲ್ಲಿದ್ದ ಮಣ್ಣಿನ ಉಂಡೆ ತೋರಿಸಿದಾಗ ರೈತನ ಪಿತ್ತ ನೆತ್ತಿಗೇರಿತು. ಕೊಳಚೆ ನೀರು ಶುದ್ಧೀಕರಣ ಘಟಕದಿಂದ ಗಸಿಗೊಬ್ಬರ ಹೊತ್ತು ತಂದ ಟಿಪ್ಪರ್ ಮೂರನೇ ಸಲ ಬದುವಿನ ಪಕ್ಕ ಗುರುಗುಟ್ಟುತ್ತ ನಿಂತಿತ್ತು.

"ಹಿಂಡಿದ್ರೆ ಯಾವ ಮಣ್ಣು ತಾನೇ ಉಂಡೆ ಆಗಲ್ಲಮ್ಮ? ಮೊದಲನೇ ಸಲ ಗಾಳಿ ಜಾಸ್ತಿ ಅಂದ್ರಿ, ಎರಡನೇ ಸಲ ಚೀಟಿಗೆ ಸೀಲಿಲ್ಲ ಅಂದ್ರಿ. ಬಿತ್ತನೆ ಏನು ನಿಮ್ಮ ಸೀಲಿಗೋಸ್ಕರ ಕಾಯುತ್ತಾ?"

"ಒಣಗಿದ ಮಣ್ಣು ಎಷ್ಟು ಹಿಂಡಿದ್ರೂ ಪುಡೀನೇ, ಯಜಮಾನ್ರೇ. ಹಸಿ ನೆಲ ಗಸೀನ ಹೀರ್ಕೊಳ್ಳಲ್ಲ. ಒಂದು ಮಳೆ ಬಿದ್ರೆ ಎಲ್ಲಾ ಕೆಳಗಿನ ಬಾವಿಗೆ ಇಳಿಯುತ್ತೆ. ಬೇಕಾದ್ರೆ ನೀವೇ ಹಿಡಿದು, ಸೊಂಟದ ಎತ್ತರದಿಂದ ಬಿಟ್ಟು ನೋಡಿ. ಒಡೆದ್ರೆ ಈಗ್ಲೇ ಸಹಿ ಹಾಕ್ತೀನಿ."

ಕೆಳಗಿನ ಬಾವಿ ಅವನ ತಂಗಿಯ ಮನೆಯದು. ಆ ಮಾತು ಕಿವಿಗೇ ಬೀಳದವನಂತೆ ಅವನು ಹೊಲದಲ್ಲೇ ಹೆಚ್ಚು ಬಿಸಿಲು ಬೀಳುವ ದಿಬ್ಬ ಹುಡುಕಿ ಒಂದು ಹಿಡಿ ಮಣ್ಣು ಬಾಚಿದ. ಮೆಲ್ಲಗೆ ಹಿಡಿಯಬೇಕೆಂದುಕೊಂಡಿದ್ದರೂ ಮೂರು ವಾರದ ಸಿಟ್ಟೆಲ್ಲ ಕೈಗಿಳಿದಿತ್ತು. ಹಲ್ಲು ಕಚ್ಚಿ ಹಿಂಡಿ, ಕೈ ಚಾಚಿ ಬಿಟ್ಟ. ಉಂಡೆ ದೊಪ್ಪನೆ ಬಿತ್ತು. ಅದರ ಮೈಮೇಲೆ ಅವನ ಬೆರಳುಗಳ ಅಚ್ಚು ಹಾಗೇ ಇತ್ತು.

ಹುಡುಗಿ ಪೆನ್ನಿನ ಮುಚ್ಚಳ ಹಾಕಿದಳು. ಅದೇ ಅವನನ್ನು ಇನ್ನಷ್ಟು ಕೆರಳಿಸಿತು. "ಹಾಳಾಗಿ ಹೋಗ್ಲಿ!" ಎಂದು ಉಂಡೆಯನ್ನು ಒದ್ದ. ಅದು ಆಗಲೂ ಒಡೆಯಲಿಲ್ಲ. ಇಳಿಜಾರು ಹಿಡಿದು ತಂಗಿಯ ಬಾವಿಯ ಕಡೆ ಉರುಳತೊಡಗಿತು. ಅವನು ಚಪ್ಪಲಿ ಕಳಚಿ ಬಿದ್ದದ್ದೂ ತಿಳಿಯದೆ ಓಡಿಹೋಗಿ, ಅದಕ್ಕೆ ಕಾಲು ಅಡ್ಡ ಇಟ್ಟ.