ಏಳು ಪೆಟ್ಟಿನ ತಾಳ

ಭಾನುವಾರ ಹನ್ನೊಂದು ಗಂಟೆಯಾಗುತ್ತಿದ್ದಂತೆ ಶಂಕರ್ ಕಿಟಕಿಯ ಬಳಿ ಬಂದು ನಿಂತ. ತಿಮ್ಮರಾಜು ಬಾಗಿಲು ತಟ್ಟುವ ಮೊದಲೇ ತೆರೆಯಬೇಕು. ತಟ್ಟಿಬಿಟ್ಟರೆ ಗುಟ್ಟು ರಟ್ಟಾಗುತ್ತದೆ.

ಎಂಟು ತಿಂಗಳಿಂದ ಶಂಕರನಿಗೆ ಏನೂ ಕೇಳಿಸುತ್ತಿರಲಿಲ್ಲ. ಅದು ಹೆಂಡತಿ ರೋಜಾಳಿಗೆ ಗೊತ್ತಿತ್ತು. ಗೆಳೆಯ ತಿಮ್ಮರಾಜುವಿಗೆ ಗೊತ್ತಿರಲಿಲ್ಲ, ಗೊತ್ತಾಗಲೂ ಕೂಡದು.

ತಮಿಳುನಾಡಿನ ಎಡಪ್ಪಾಡಿಯ ವಿದ್ಯುತ್ ಮಗ್ಗದ ಶೆಡ್ಡೊಂದರಲ್ಲಿ ಇಬ್ಬರೂ ಹದಿಮೂರು ವರ್ಷ ಫಿಟ್ಟರುಗಳಾಗಿ ದುಡಿದವರು. ತಗಡಿನ ಸೂರಿನಡಿ ನಲವತ್ತು ಮಗ್ಗಗಳು ಒಮ್ಮೆಗೇ ಬಡಿಯುವಾಗ ಮಾತು ಕಿವಿಯನ್ನು ತಲುಪುವುದಿಲ್ಲ. ಅಲ್ಲಿ ಎಲ್ಲರೂ ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ಶೆಡ್ಡಿನ ಒಡೆಯ, ಮೊದಲಾಳಿ, ಪ್ರತಿ ಆಯುಧಪೂಜೆಗೆ ಮಗ್ಗಗಳ ಮುಂದೆ ಕುಂಬಳಕಾಯಿ ಒಡೆಸಿ ಸಿಹಿ ಹಂಚುತ್ತಿದ್ದ. ಆಳುಗಳ ಕಿವಿಗಿಡಲು ಚೂರು ಹತ್ತಿ ಕೊಡಬೇಕೆಂದು, ಹತ್ತಿಯಿಂದಲೇ ಬದುಕಿದ ಆ ಮನುಷ್ಯನಿಗೆ ಒಂದು ದಿನವೂ ತೋಚಲಿಲ್ಲ. ಯಂತ್ರಕ್ಕೆ ಎಣ್ಣೆ ಹಾಕಿಸಲು ಮರೆಯದವನು ಮನುಷ್ಯನ ಕಿವಿಯನ್ನು ಮರೆತರೆ ಅದನ್ನು ಮರೆವು ಎನ್ನಲಾಗದು. ಅದು ಅಪರಾಧ.

ಸೇಲಂನ ಐ.ಟಿ.ಐ.ಯಲ್ಲಿ ಓದುವಾಗ, ಕ್ಯಾಸೆಟ್ಟಿಗೆ ಹಾಡು ತುಂಬಿಸಿಕೊಡುವ ಅಂಗಡಿಯೊಂದರಲ್ಲಿ ಅವರಿಗೆ ಪ್ರೊಗ್ರೆಸಿವ್ ರಾಕ್‌ನ ಗೀಳು ಹತ್ತಿತ್ತು. ಇಪ್ಪತ್ತು ನಿಮಿಷ ನಡೆಯುವ ಹಾಡುಗಳು. ನಾಲ್ಕು ಪೆಟ್ಟಿಗೆ ಮರಳದೆ ಏಳು ಪೆಟ್ಟಿಗೆ ತಿರುಗುವ ತಾಳ. ಮದುವೆಯಾಗಲಿ ಮಕ್ಕಳಾಗಲಿ ಅದನ್ನು ಬಿಡಿಸಲಿಲ್ಲ. ಕಳೆದ ವರ್ಷ, ತೊಂಬತ್ತಮೂರರಲ್ಲಿ, ತಿಮ್ಮರಾಜು ಇದ್ದಕ್ಕಿದ್ದಂತೆ ಕೆಲಸ ಬಿಟ್ಟು ಮಾರಂಡಹಳ್ಳಿಯ ಹೊಲಕ್ಕೆ ಮರಳಿದ. ಆಮೇಲೂ ಪ್ರತಿ ಭಾನುವಾರ ಬಸ್ಸುಗಳನ್ನು ಬದಲಿಸಿ ಬರುತ್ತಿದ್ದ.

ಮೊದಲು ಮೂವರಿದ್ದರು. ಅದೇ ಶೆಡ್ಡಿನ ಅಣ್ಣಾಮಲೈ ಒಂದು ಭಾನುವಾರ, ಹಾಡು ಮುಗಿಯುವ ಹೊತ್ತಿಗೆ, "ಪಾಟು ಶುರುವಾಯ್ತಾ?" ಎಂದು ಕೇಳಿದ. ಇಬ್ಬರೂ ಬಿದ್ದು ಬಿದ್ದು ನಕ್ಕರು. ಮುಂದಿನ ವಾರ ಅವನನ್ನು ಕರೆಯಲಿಲ್ಲ. "ಕಿವಿ ಕೇಳ್ದಿರೋನಿಗೆ ಪಾಟ್ಯಾಕ್ಲಾ?" ಎಂದಿದ್ದ ತಿಮ್ಮರಾಜು. ಶಂಕರ್ ತಲೆಯಾಡಿಸಿದ್ದ. ಮೊದಲಾಳಿ ಕಿತ್ತುಕೊಂಡದ್ದು ಅಣ್ಣಾಮಲೈಯ ಕಿವಿಯನ್ನು ಮಾತ್ರ. ಅವನ ಭಾನುವಾರವನ್ನು ಕಿತ್ತುಕೊಂಡವರು ಇವರಿಬ್ಬರು. ಈಗ ತನ್ನ ಸರದಿ ಎಂದು ಶಂಕರ್ ನಡುಗುತ್ತಿದ್ದ.

ತಿರುವಿನಲ್ಲಿ ತಿಮ್ಮರಾಜು ಕಾಣಿಸಿದ. ಶಂಕರ್ ಓಡಿ ಬಾಗಿಲು ತೆರೆದ.

"ಯಾಕ್ಲಾ ಇಷ್ಟು ಲೇಟು?"

"ಸ್ಟಾಪಿಂಗ್ ಬಿಟ್ಟು ಮುಂದಕ್ಕೋಗ್ಬಿಟ್ಟೆ ಕಣ್ಲಾ. ಪಾವಿ ಕಂಡಕ್ಟರು ಕೂಗ್ಲೇ ಇಲ್ಲ."

ಇಬ್ಬರೂ ಎಂದಿನಂತೆ ಎದುರುಬದುರು ಕುಳಿತರು. ಶಂಕರನಿಗೆ ಬೇಕಾದದ್ದೂ ಅದೇ; ಗೆಳೆಯನ ತುಟಿಗಳು ಚೆನ್ನಾಗಿ ಕಾಣಬೇಕು.

"ರಾಗಿ ಎಂಗೈತೆ?"

"ರಾಗಿ ಪರವಾಗಿಲ್ಲ. ಮಗಳೇ ಕೈಗೆ ಸಿಗಲ್ಲ. ಕನ್ನಡದಾಗೆ ಕರೆದ್ರೆ 'ಪೋಂಗಪ್ಪಾ' ಅಂತ ತಮಿಳ್ನಾಗೆ ಓಡೋಗ್ತಾಳೆ."

"ಇಂಗ್ಲೀಸ್ ಪಾಟಿಗೆ ಬಾಯಿ ಬಿಡೋ ಅಪ್ಪನಿಗೆ ಅಂಗೇ ಆಗ್ಬೇಕು ಬಿಡ್ಲಾ! ಒಸ ಕ್ಯಾಸೆಟ್ಟು ತಂದ್ಯಾ?"

"ಒಸದೆಲ್ಲಾ ಸಪ್ಪೆ. ಅಳೇದೇ ಹಾಕಾನ. ಆರ್ಗನ್ ಬರೋದು."

ಶಂಕರ್ ನೆಮ್ಮದಿಯ ಉಸಿರುಬಿಟ್ಟ. ಹಳೆಯ ಹಾಡಾದರೆ ನೆನಪಿನಲ್ಲಿದೆ, ಹೊಸದಾದರೆ ಸಿಕ್ಕಿಬೀಳುತ್ತಿದ್ದ.

ರೋಜಾ ಅಡುಗೆಮನೆಯಿಂದ ಹೊರಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಣ್ಣಾ, ಕಾಪಿಗೆ ಸಕ್ಕರೆ ಎಷ್ಟು ಅಂತ ಮೂರು ಸಲ ಕೂಗಿದೆ. ಊರಿಗೋದ್ಮೇಲೆ ತಲೆಗನ, ಜಂಬ ಬಂದ್ಬಿಡ್ತಾ?"

"ಪಾಟಿನ ಯೋಚ್ನೇಲಿದ್ದೆ ಕಣಮ್ಮಾ," ಎಂದು ತಿಮ್ಮರಾಜು ಕೈಮುಗಿದ. ಅವಳು ನಗುತ್ತ ಒಳಗೆ ಹೋದಳು. ಅವನು ಮಾತ್ರ ನಗಲಿಲ್ಲ. ನೆಲ ನೋಡುತ್ತ ಕುಳಿತಿದ್ದವನು ತಟ್ಟನೆ ಮುಖವೆತ್ತಿದ.

"ಅಣ್ಣಾಮಲೈನ ನೋಡಿದ್ಯಾ?"

"ಇಲ್ಲ. ಯಾಕೆ?"

"ನಾವು ಅಂಗ್ ಮಾಡ್ಬಾರ್ದಾಗಿತ್ತು ಕಣ್ಲಾ."

ಇವನಿಗೆ ತಿಳಿದುಹೋಯಿತೇ? ಇದು ಬೀಳ್ಕೊಡುಗೆಯ ಪೀಠಿಕೆಯೇ? ನಿಜ ಹೇಳಲು ಶಂಕರ್ ಬಾಯಿ ತೆರೆದ. ಹೇಳಿದರೆ ಮುಂದಿನ ಭಾನುವಾರ ಯಾರು ಬರುತ್ತಾರೆ? ಬಾಯಿ ಮುಚ್ಚಿದ. "ಪಾಟು ಹಾಕ್ಲಾ," ಎಂದಷ್ಟೇ ಹೇಳಿದ.

ತಿಮ್ಮರಾಜು ಟೇಪ್ ರೆಕಾರ್ಡರಿನ ಗುಂಡಿ ಒತ್ತಿದ, ಧ್ವನಿಯನ್ನು ಪೂರ್ತಿ ಏರಿಸಿದ, ಕಣ್ಣು ಮುಚ್ಚಿಕೊಂಡ. ಹಾಡು ಕೇಳುವಾಗ ಅವನು ಎಂದೂ ಕಣ್ಣು ತೆರೆಯುತ್ತಿರಲಿಲ್ಲ. ಅವನ ತೋರುಬೆರಳು ಮೊಣಕಾಲಿನ ಮೇಲೆ ತಾಳ ಹಾಕತೊಡಗಿತು: ನಾಲ್ಕು, ಮೂರು, ನಾಲ್ಕು, ಮೂರು. ಶಂಕರ್ ಆ ಬೆರಳನ್ನೇ ನೋಡುತ್ತ ಹಾಡು ಎಲ್ಲಿದೆ ಎಂದು ತಿಳಿಯುತ್ತಿದ್ದ. ಎಂಟು ತಿಂಗಳಿಂದ ಆ ಬೆರಳೇ ಅವನ ಕಿವಿ. ಕೊಳಲಿನ ಭಾಗ ಕಳೆಯಿತು. ಡ್ರಮ್ಮಿನ ಭಾಗ ಬಂತು. ಮುಂದೆ ಆರ್ಗನ್.

ತಲೆಯ ಮೇಲಿನ ಫ್ಯಾನು ನಿಧಾನವಾಗುತ್ತ ಬಂದು ನಿಂತಿತು.

ರೋಜಾ ಒಳಗಿನಿಂದ ಬೀಸಣಿಗೆ ಹಿಡಿದು ಬಂದಳು. "ಕರೆಂಟೋಯ್ತು. ನಿಮ್ಮ ಪೆಟ್ಟಿಗೇನೂ ನಿಂತೋಯ್ತು. ಅಬ್ಬಾ, ಈಗ ಮನೆ ನಿಶ್ಶಬ್ದ!" ಎಂದವು ಅವಳ ತುಟಿಗಳು.

ಶಂಕರ್ ಗೆಳೆಯನತ್ತ ತಿರುಗಿದ. ಅವನೀಗ ಕಣ್ಣು ತೆರೆದು ವಿದ್ಯುತ್ ಇಲಾಖೆಯನ್ನು ಬೈಯಬೇಕು. ಬೈದಾಗ ತಾನೂ ಜೊತೆಗೂಡಿ ಬೈಯಬೇಕೆಂದು ಸಿದ್ಧನಾದ.

ತಿಮ್ಮರಾಜುವಿನ ಬೆರಳು ಮೊಣಕಾಲಿನ ಮೇಲೆ ನಾಲ್ಕು, ಮೂರು ಎಂದು ತಪ್ಪದೆ ಬಡಿಯುತ್ತಲೇ ಇತ್ತು, ಮುಚ್ಚಿದ ಕಣ್ಣಿನಲ್ಲೇ ಅವನ ಮುಖ ಅರಳಿತು, ತುಟಿಗಳು ಅಲುಗಿದವು: "ಬಂತು ಕಣ್ಲಾ ಆರ್ಗನ್, ಕೇಳಿಸ್ಕೋ!"