ಎಡಕ್ಕೆ ತಿರುಗಿದ ಹಂಸ

“ನಿಮಗೆ ಶುಗರ್ ಇದೆಯಾ ಸರ್?”

ಹುಡುಗ ಕೂತ ಕುರ್ಚಿ ಇನ್ನೂ ಬೆಚ್ಚಗಾಗಿರಲಿಲ್ಲ, ಆಗಲೇ ಈ ಪ್ರಶ್ನೆ. ಗಡಿಯಾರದಂಗಡಿಯ ಯಜಮಾನರಿಗೆ ಮೈಯೆಲ್ಲ ಉರಿಯಿತು. ಮಗಳು ಬೆಳಿಗ್ಗೆ ಹೇಳಿದ್ದು ಇಷ್ಟೇ: “ಅಪ್ಪಾ, ಒಬ್ಬರು ಸಂಬಂಧದ ವಿಷಯ ಮಾತಾಡೋಕೆ ಬರ್ತಾರೆ. ಬೇಡ ಅಂದುಬಿಡಬೇಡಿ.” ಬಂದವನು ನೋಡಿದರೆ ಮಾವನ ಆಯಸ್ಸು ಲೆಕ್ಕ ಹಾಕುತ್ತಿದ್ದಾನೆ!

“ಇಲ್ಲ. ಬೀಪಿಯೂ ಇಲ್ಲ. ಗುಂಡುಕಲ್ಲಿನ ಹಾಗಿದೀನಿ.”

“ಒಳ್ಳೇದಾಯ್ತು!” ಹುಡುಗನ ಮುಖ ನಿಜಕ್ಕೂ ಅರಳಿತು. “ಗೊರಕೆ ಹೊಡೀತೀರಾ?”

ಓಹೋ, ಮನೆಯಳಿಯನಾಗಿ ಠಿಕಾಣಿ ಹೂಡುವ ಅಂದಾಜು! ಯಜಮಾನರು ಹಲ್ಲು ಕಚ್ಚಿಕೊಂಡರು.

ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ಉಳಿದದ್ದು ಮಗಳು, ಮತ್ತೆ ಅಪ್ಪಟ ಬೆಳ್ಳಿ ನಾಣ್ಯಗಳ ಒಂದು ಪೆಟ್ಟಿಗೆ. ಮಗಳು ಹೋದರೆ ಈ ಮನೆಯಲ್ಲಿ ತಾನು ಮತ್ತು ಟಿಕ್ ಟಿಕ್ ಸದ್ದು, ಅಷ್ಟೇ. ಆದರೂ ಕಳಿಸಲೇಬೇಕಲ್ಲ. ಆಸೆಬುರುಕನ ಕೈಗೆ ಮಾತ್ರ ಕೊಡಬಾರದು. ಪರೀಕ್ಷೆ ಮಾಡಿಯೇ ಬಿಡೋಣ ಎಂದು ಪೆಟ್ಟಿಗೆ ತೆರೆದರು.

“ಇದರಲ್ಲಿ ಒಂದನ್ನ ಆರಿಸು ನೋಡೋಣ.”

ಒಂದೊಂದು ನಾಣ್ಯದ ಮೇಲೂ ಒಂದೊಂದು ಚಿತ್ರ. ಹಡಗು ಎತ್ತಿದರೆ ಮನೆಯಲ್ಲಿ ನಿಲ್ಲುವವನಲ್ಲ. ಸಿಂಹ ಎಲ್ಲಕ್ಕಿಂತ ತೂಕದ್ದು, ಅದನ್ನು ಎತ್ತಿದರೆ ದುರಾಸೆ. ಗೂಬೆ ಎಂದರೆ ನಾಣ್ಯ ಅಚ್ಚು ಹಾಕಿದವರ ಪ್ರಕಾರ ಜ್ಞಾನ, ಮಗಳ ಪ್ರಕಾರ ಅಪ್ಪ.

ಹುಡುಗ ಇದ್ಯಾವುದನ್ನೂ ಮುಟ್ಟಲಿಲ್ಲ. ಎಡಕ್ಕೆ ಮುಖ ಮಾಡಿದ ಒಂಟಿ ಹಂಸವನ್ನು ಎತ್ತಿಕೊಂಡ. ಅದೂ ಬೆರಳಿನ ಗುರುತು ಬೀಳದ ಹಾಗೆ, ಅಂಚಿನಲ್ಲಿ ಹಿಡಿದು.

“ಹಿಂಗೆ ಹಿಡಿಯೋದು ಯಾರು ಕಲಿಸಿದ್ರು?”

“ಮನೇಲಿ ಅಭ್ಯಾಸ ಸರ್. ಇದಕ್ಕೆ ಜೋಡಿ ಇರ್ಬೇಕಲ್ವಾ? ಬಲಕ್ಕೆ ತಿರುಗಿರೋದು?”

“ಇತ್ತಪ್ಪಾ! ನಾಣ್ಯದಂಗಡೀಲಿ ಇನ್ನೇನು ಕೈ ಚಾಚಿದ್ದೆ, ಲೈಬ್ರರಿ ಮೇಡಂ ಒಬ್ಬರು ನನ್ನ ಕಣ್ಣೆದುರೇ ಎತ್ಕೊಂಡು ಹೋದ್ರು. ಎರಡನ್ನೂ ಎದುರುಬದುರು ಇಟ್ರೆ ಸಂಸಾರ ಅಂತ ಅರ್ಥ. ಒಂದೇ ಇದ್ರೆ ಬರೀ ಬಾತುಕೋಳಿ.”

“ಅವರ ಮೇಲೆ ಕೋಪಾನಾ?”

“ಇಲ್ದೆ ಏನು! ಅವತ್ತಿಂದ ಪ್ರತಿ ಶನಿವಾರ ಆ ಅಂಗಡಿ ಬಾಗಿಲು ತೆಗೆಯೋಕೆ ಮುಂಚೆನೇ ಹೋಗಿ ನಿಂತಿರ್ತೀನಿ.”

“ನೀಲಿ ಅಂಗಿ ಇಸ್ತ್ರಿ ಮಾಡಿಸ್ಕೊಂಡು!” ಅಡುಗೆಮನೆಯಿಂದ ಮಗಳ ದನಿ, ಹಿಂದೆಯೇ ಕಿಸಕ್ಕನೆ ನಗು.

“ನೀನು ಕಾಫಿ ನೋಡು!” ಎಂದು ಗದರಿದರು.

ಹುಡುಗ ನಾಣ್ಯವನ್ನು ಮೆಲ್ಲಗೆ ಕೆಳಗಿಟ್ಟ. ಹಣೆಯಲ್ಲಿ ಬೆವರು. “ಸರ್, ನನಗೆ ಸುತ್ತಿ ಬಳಸಿ ಮಾತಾಡೋಕೆ ಬರಲ್ಲ. ಆರು ತಿಂಗಳಿಂದ ಧೈರ್ಯ ಕೂಡಿಸಿಕೊಂಡು ಬಂದಿದೀನಿ. ನೀವು ಇಲ್ಲ ಅಂದ್ರೆ ಒಂದು ಜೀವ ತುಂಬಾ ನೊಂದ್ಕೊಳ್ಳುತ್ತೆ.”

ಯಜಮಾನರ ಸಿಟ್ಟೆಲ್ಲ ಜರ್ರನೆ ಇಳಿಯಿತು. ಛೆ, ಚಿನ್ನದಂಥ ಹುಡುಗ, ಸುಮ್ಮನೆ ಏನೇನೋ ಅಂದುಕೊಂಡೆ. ಅವರ ಕಣ್ಣು ಒದ್ದೆಯಾಯಿತು.

“ಆಯ್ತಪ್ಪಾ, ಒಪ್ಪಿದೀನಿ. ನನ್ನ ಮಗಳನ್ನ ಚೆನ್ನಾಗಿ ನೋಡ್ಕೋ.”

ಹುಡುಗ ಕುರ್ಚಿಯಿಂದ ಧಡಕ್ಕನೆ ಎದ್ದ.

“ಅಯ್ಯಯ್ಯೋ! ನೀವು ಒಪ್ಪಿದ್ರೆ ಅವಳು ನನಗೆ ತಂಗಿ ಆಗ್ತಾಳೆ ಸರ್!” ಎನ್ನುತ್ತ ಜೇಬಿನಿಂದ ಸಣ್ಣ ಡಬ್ಬಿಯೊಂದನ್ನು ತೆಗೆದು, ಅದರೊಳಗಿದ್ದ ಹಂಸವನ್ನು ಮೇಜಿನ ಮೇಲಿನ ಹಂಸದ ಎದುರಿಗೆ ಇಟ್ಟ. ಅದು ಬಲಕ್ಕೆ ತಿರುಗಿತ್ತು. “ಅಮ್ಮ ಹೊರಗೆ ಕಾರಲ್ಲೇ ಕೂತಿದ್ದಾರೆ. ಕರೀಲಾ?”

ಯಜಮಾನರು ಹಂಸಗಳನ್ನು ನೋಡಿದರು, ಕಿಟಕಿಯ ಕಡೆ ನೋಡಿದರು, ಮಾಸಿದ ತಮ್ಮ ಬನಿಯನ್ ನೋಡಿಕೊಂಡರು.

“ಎರಡು ನಿಮಿಷ ತಡಿಯೋ ಮಾರಾಯ! ಪುಟ್ಟೀ, ಆ ನೀಲಿ ಅಂಗಿ ಎಲ್ಲಿಟ್ಟಿದೀಯೇ?”